ಹುಣಸೆ ಮರದಡಿಯ ಎಡೆ

ಹುಣಸೆ ಬಡಿಯಲು ಹತ್ತಿದ್ದ ಚಿಕ್ಕರಾಜು ಕೊಂಬೆ ಮುರಿದು ತಲೆ ಕೆಳಗಾಗಿ ಬಿದ್ದ. ಆಸ್ಪತ್ರೆಯವರು ಹೊಲಿಗೆ ಹಾಕಿ, ವಾಸಿಯಾಗುತ್ತೆ ಹೋಗಿ ಎಂದು ಕಳಿಸಿದರು. ಗಾಯ ಮಾಯಿತು. ತಲೆಯೊಳಗಿನ ಏಟು ಮನುಷ್ಯನ ನಿದ್ದೆಯನ್ನು, ನಗುವನ್ನು, ಕೊನೆಗೆ ಬದುಕುವ ಆಸೆಯನ್ನೂ ತಿನ್ನಬಲ್ಲದು, ಕಣ್ಣಿಟ್ಟಿರಿ ಎಂದು ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹುಣಸೆ ಬಡಿಯುವವರನ್ನೆಲ್ಲ ನಗಿಸುತ್ತಿದ್ದವನು ಈಗ ಪಾತ್ರೆಯ ಸದ್ದಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ. ಬಿಸಿಲು ಕಂಡರೆ ಗೋಡೆಯ ಕಡೆ ಮುಖ. ಮೊನ್ನೆ ಹೆಂಡತಿ ಗಂಗಾಲಕ್ಷ್ಮಿಯ ಕೈ ಹಿಡಿದು, "ನಾನು ಇರ್ಬಾರ್ದು ಕಣೇ. ನಾನಿಲ್ದಿದ್ರೆ ನೀನಾದ್ರೂ ನೆಮ್ದಿಯಾಗಿರ್ತೀಯ" ಅಂದ.

ಗಾಬರಿಬಿದ್ದು ಅವಳು ಗಂಡನ ಅಣ್ಣ ಗಂಗಣ್ಣನಿಗೆ ಹೇಳಿದಳು.

"ಅದು ಅವನ ಮಾತಲ್ಲ ಕಣಮ್ಮ, ಮರದ್ದು. ಬಿದ್ದ ಜಾಗ್ದಲ್ಲೇ ಅರ್ಧ ಜೀವ ಹಿಡ್ಕಂಡೈತೆ. ಎಡೆ ಇಕ್ಕಿ ಬುಡುಸ್ಕಬೇಕು."

"ಬಾವ, ಇನ್ನೊಂದ್ಸಲ ಡಾಕ್ಟ್ರಿಗೆ ತೋರ್ಸಿದ್ರೆ..."

"ಡಾಕ್ಟ್ರೇನು ಹುಣಸೆಮರ ಹತ್ತವ್ನಾ?"

ಜಗುಲಿಯಲ್ಲಿದ್ದವರು ಕಿಸಕ್ಕನೆ ನಕ್ಕರು.

ಮನೆತನದ ಕಟ್ಟಲೆ ಅದು. ಬಿದ್ದವನನ್ನು ಅದೇ ಮರದಡಿ ಕೂರಿಸಿ, ಮುಂದೆ ಎಡೆ ಇಟ್ಟು, ಒಬ್ಬನನ್ನೇ ಬಿಟ್ಟು ಬರಬೇಕು. ತಿರುಗಿ ನೋಡಿದರೆ ಮರ ಹಿಡಿದ ಜೀವವನ್ನು ಬಿಟ್ಟುಕೊಡುವುದಿಲ್ಲ. ಸಾಯುವ ಮಾತಾಡುತ್ತಿರುವವನನ್ನು ಒಂಟಿಯಾಗಿ ಬಿಡುವುದೇ ಇವರಿಗೆ ಮದ್ದು!

ಮಧ್ಯಾಹ್ನ ಎಲ್ಲರೂ ಅವನನ್ನು ಮರದಡಿ ಕೂರಿಸಿ ಎಡೆ ಇಟ್ಟರು. ಚಿಕ್ಕರಾಜು ಹಟ ಮಾಡಲಿಲ್ಲ. ಬೆಳ್ಳಿ ಕಡಗ ಬಿಚ್ಚಿ ಗಂಗಾಲಕ್ಷ್ಮಿಯ ಕೈಗಿಟ್ಟ. "ಮಗ್ಳು ದೊಡ್ಡೋಳಾದ್ಮೇಲೆ ಕೊಡು."

ಉಳಿದವರ ಜೊತೆ ಗಂಗಾಲಕ್ಷ್ಮಿಯೂ ಬದುವಿನವರೆಗೆ ನಡೆದಳು. ಮಗಳು ದೊಡ್ಡವಳಾಗುವಾಗ ಇವನೆಲ್ಲಿರುತ್ತಾನೆ? ಗಕ್ಕನೆ ತಿರುಗಿದಳು.

"ನೋಡ್ಬ್ಯಾಡ ಕಣಮ್ಮ! ಸತ್ತೋಯ್ತಾನೆ ಅವ್ನು!" ಗಂಗಣ್ಣ ಅರಚಿದ.

"ನೋಡ್ದಿದ್ರೇ ಸಾಯೋದು ಬಾವ!"

ಸೆರಗು ಮುಳ್ಳಿಗೆ ಸಿಕ್ಕಿ ಹರಿದರೂ ನಿಲ್ಲದೆ ಓಡಿದಳು. ಅವನು ಕಾಂಡಕ್ಕೆ ಹಣೆ ಒತ್ತಿಕೊಂಡು ಬಿಕ್ಕುತ್ತಿದ್ದ. ಪಕ್ಕದಲ್ಲೇ ಕುಕ್ಕರಿಸಿ ಕೇಳಿಯೇಬಿಟ್ಟಳು.

"ಸಾಯ್ಬೇಕು ಅನ್ನುಸ್ತೈತಾ?"

ಇಷ್ಟು ದಿನ ಯಾರೂ ಕೇಳದ ಮಾತು. ಅವನು ಅವಳ ಕಡೆ ತಿರುಗಿದ. "ಊಂ ಕಣೇ. ದಿನಾ. ತಲೆಯೊಳಗೆ ಯಾರೋ ದೂಡ್ತಾವ್ರೆ."

"ಮರ ಅಲ್ಲ ಕಣಯ್ಯ, ತಲೆಗೆ ಬಿದ್ದ ಆ ಏಟು. ಏಳು. ಮಧುಗಿರಿ ಆಸ್ಪತ್ರೆಗೆ ಹೋಗಾಣ. ಅಲ್ಲಿ ಕೇಳ್ದಿದ್ರೆ ತುಮಕೂರಿಗೆ."

"ಅವನಿಗೇನಾದ್ರೂ ಆದ್ರೆ ನಿನ್ ತಲೆಗೇ ಬರೋದು!" ಹಿಂದಿನಿಂದ ಗಂಗಣ್ಣನ ಕೂಗು.

ಅವಳು ಅವನನ್ನು ಎಬ್ಬಿಸಿಕೊಂಡು ರಸ್ತೆಗೆ ಬಂದಳು. ಬಸ್ಸು ಬರುವ ಸುಳಿವೇ ಇರಲಿಲ್ಲ. ಬಿಸಿಲಿಗೆ ಅವನು ಕಣ್ಣು ಮುಚ್ಚಿ ತೂರಾಡುತ್ತಿದ್ದ. "ಬುಟ್ಬುಡೇ" ಎಂದು ಗೋಗರೆದ. ಅವಳು ಅವನ ರಟ್ಟೆಯ ಹಿಡಿತ ಸಡಿಲಿಸಲಿಲ್ಲ.