ಕಮಲಾಪುರದ ಗೃಹಿಣಿಯರ ಅಜ್ಞಾನ

ಶಹಾಬಜಾರಿನ ಶೇವಂತಾ ರೊಟ್ಟಿ ಬಡಿಯುವುದನ್ನು ಅವ್ವನಿಂದ ಕನ್ನಡದಲ್ಲಿ ಕಲಿತಳು. ಶಾಲೆಯನ್ನು ಉರ್ದುವಿನಲ್ಲಿ ಓದಿದಳು. ಪೊಲೀಸ್ ಕಾರ್ಯಾಚರಣೆಯಾಗಿ ಐದು ವರ್ಷ ಕಳೆಯುವಷ್ಟರಲ್ಲಿ ಸರ್ಕಾರದ ಜೊತೆ ಪಾಠದ ಭಾಷೆಯೂ ಬದಲಾಗಿ, ಅದೇ ರೊಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಹೈದರಾಬಾದಿನ ಯೂನಿವರ್ಸಿಟಿ ಸೇರಿದ್ದಳು. ವಿಷಯ ಗೃಹವಿಜ್ಞಾನ, ಅದರಲ್ಲಿ ಎಂ.ಎಸ್ಸಿ. ಮನೆಗೆಲಸ ಕಲಿಯಲು ಮನೆ ಬಿಟ್ಟು ಹೋದವಳನ್ನು ನೋಡಿ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಅಣ್ಣ ದೇವಿಂದ್ರಪ್ಪ ನಗಲಿಲ್ಲ, ಗಡುವು ಕೊಟ್ಟ.

“ಯುಗಾದಿ ತನಕಾ ನೋಡ್ತೇನಿ ತಂಗಿ. ಪಾಸಾದ್ರ ನೌಕರಿ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಂದ್ರ ಆಳಂದದ ವರ ಕಾಯಾಕತ್ಯಾನ.”

ಆಳಂದದ ವರನಿಗೆ ತೀರಿಹೋದ ಹೆಂಡತಿಯ ಮಕ್ಕಳು ಮೂವರಿದ್ದರು. ಬಾಯಲ್ಲಿ ಉಳಿದ ಹಲ್ಲು ಅದಕ್ಕಿಂತ ತುಸು ಜಾಸ್ತಿ ಇದ್ದವಂತೆ. ಶೇವಂತಾ ಹಗಲಿರುಳೆನ್ನದೆ ಓದತೊಡಗಿದಳು.

ಅವಳ ಪ್ರೊಫೆಸರ್ ಬಾಯಿ ವಿಲಾಯತಿಗೆ ಹೋಗಿ ಬಂದವರು. ಮನೆಯಲ್ಲಿ ಅಡುಗೆಯವನಿದ್ದುದರಿಂದ ಅಡುಗೆಯ ಬಗ್ಗೆ ಚಿಂತನೆ ಮಾಡಲು ಅವರಿಗೆ ಬೇಕಾದಷ್ಟು ಪುರುಸೊತ್ತಿತ್ತು. ಹಳ್ಳಿಯ ಹತ್ತು ಮನೆ ಆರಿಸಿಕೊ, ಮನೆಗೆ ಮೂರು ದಿನ ಇರು, ಬೆಳಿಗ್ಗೆ ಹಿಟ್ಟು ತೂಗು, ಉಣ್ಣುವಾಗ ಮನೆಯವರ ಒಂದೊಂದು ತಾಟೂ ತೂಗು ಎಂದು ಅಪ್ಪಣೆ ಮಾಡಿದರು. ಶೇವಂತಾ ತಕ್ಕಡಿ ಹೊತ್ತು ಕಮಲಾಪುರದ ಬಸ್ಸು ಹತ್ತಿದಳು.

ಮೊದಲ ಮನೆ ಸಾಬಮ್ಮನದು. ಗಂಡ ಅಂಬಣ್ಣ, ಒಬ್ಬ ಅತ್ತೆ, ಇಷ್ಟೇ ಸಂಸಾರ. ಒಂಬತ್ತು ರೊಟ್ಟಿಯ ಹಿಟ್ಟು ತಕ್ಕಡಿಗೆ ಬಂತು. ಅಂಬಣ್ಣನಿಗೆ ನಾಲ್ಕು, ಅತ್ತೆಗೆ ಎರಡು. ಎಲ್ಲರದೂ ಮುಗಿದ ಮೇಲೆ ಸಾಬಮ್ಮನ ತಾಟಿಗೆ ಬಂದದ್ದು ಒಂದೇ ರೊಟ್ಟಿ. ಮೂರು ದಿನವೂ ಹಾಗೆಯೇ. ಮುಂದಿನ ಒಂಬತ್ತು ಮನೆಗಳಲ್ಲೂ ಮನೆಯಾಕೆಯ ತಾಟು ಅಷ್ಟೇ ಹಗುರಾಗಿತ್ತು. ಶೇವಂತಾ ಎಲ್ಲವನ್ನೂ ಚಾಚೂ ತಪ್ಪದೆ ಬರೆದುಕೊಂಡಳು.

ಪ್ರೊಫೆಸರ್ ಬಾಯಿ ಹಿಗ್ಗಿ ಹೀರೆಕಾಯಿಯಾದರು. ತಮ್ಮ ಹೊಟ್ಟೆಗೆ ಎಷ್ಟು ಬೇಕೆಂಬುದೂ ತಿಳಿಯದ ಹೆಂಗಸರು ಸಿಕ್ಕಿದ್ದು ವಿದ್ಯೆಯ ಭಾಗ್ಯ ಎಂದರು. ಪ್ರಬಂಧಕ್ಕೆ ‘ಕಮಲಾಪುರದ ಗೃಹಿಣಿಯರ ಅಜ್ಞಾನ’ ಎಂಬ ಹೆಸರನ್ನೂ ಅವರೇ ಇಟ್ಟರು. ಒಂದೊಂದು ಮನೆಯ ತೂಕದ ಹಾಳೆಗೂ ಆ ಮನೆಯ ಅಜ್ಞಾನಿಯ ಹೆಬ್ಬೆಟ್ಟಿನ ಗುರುತು ಮಾತ್ರ ಬಾಕಿ ಇತ್ತು.

ಹೆಬ್ಬೆಟ್ಟು ಹಾಕಿಸಲು ಶೇವಂತಾ ಹೇಳದೆ ಕೇಳದೆ ಮಧ್ಯಾಹ್ನ ಹೋದಾಗ ಸಾಬಮ್ಮ ಉಣ್ಣುತ್ತಿದ್ದಳು. ತಾಟಿನಲ್ಲಿ ಪುಂಡಿಪಲ್ಲೆ, ಅದರ ಪಕ್ಕ ಮೂರು ರೊಟ್ಟಿ.

“ಅಕ್ಕಾ, ಅವತ್ತ ಒಂದೇ ಉಂಡಿದ್ದಿ?” ಎಂದು ಶೇವಂತಾ ಕೇಳಿದಳು.

“ಅವತ್ತ ನೀವಿದ್ರೆಲ್ಲ, ಅಕ್ಕೋರ.”

“ನಾನಿದ್ರ ಏನಾತು?”

“ನೀವು ಎರಡು ಉಂಡ್ರಿ. ಬಂದವರಿಗಿ ಹಸಿವಿಲೆ ಕಳಸಾಕ ಬರ್ತದೇನ್ರಿ?”

“ಇನ್ನೊಂದಿಷ್ಟು ಹಿಟ್ಟು ತಗೋಬೇಕಿತ್ತು.”

ಸಾಬಮ್ಮ ದನಿ ಇಳಿಸಿದಳು. “ನೀವು ತಕ್ಕಡಿ ಹಿಡಕೊಂಡು ಕುಂತಿದ್ರಿ. ಸರ್ಕಾರದವರು ಲೇವಿ ಅಂತ ಮನಿಮನಿ ಜ್ವಾಳ ಒಯ್ಯಾಕತ್ಯಾರ. ಜಾಸ್ತಿ ಹಿಟ್ಟು ತೋರಿಸಿದ್ರ ಈ ಮನ್ಯಾಗ ಜ್ವಾಳ ಭಾಳ ಅದ ಅಂತ ಬರಕೊಳ್ತಿದ್ರಿ. ಊರಾಗ ಎಲ್ಲಾರೂ ಹಂಗೇ ಮಾಡ್ಯಾರ್ರಿ. ಬರ್ರಿ, ಕೈ ತೊಳಕೊಳ್ರಿ, ಉಣ್ಣೂಣು.”

ಶೇವಂತಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹತ್ತು ಮನೆ, ಮೂವತ್ತು ದಿನ, ಎಲ್ಲರ ತಾಟನ್ನೂ ತೂಗಿದವಳು ತನ್ನದೊಂದನ್ನು ಬಿಟ್ಟಿದ್ದಳು. ಅಜ್ಞಾನದ ಮೇಲೆ ಬರೆದ ನೂರಿಪ್ಪತ್ತು ಪುಟ ಅವಳ ಹೊಟ್ಟೆಗೇ ಹೋಗಿತ್ತು. ಮತ್ತೆ ಮೊದಲಿನಿಂದ ತೂಗಬೇಕೆಂದರೆ ಯುಗಾದಿಗೆ ಉಳಿದದ್ದು ಹದಿನೆಂಟು ದಿನ. ಅವಳು ಹತ್ತೂ ಮನೆಯಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡು ಬಸ್ಸು ಹತ್ತಿದಳು.

ಮೌಖಿಕ ಪರೀಕ್ಷೆಗೆ ಪುಣೆಯಿಂದ ಒಬ್ಬ ಮುದುಕರು ಬಂದಿದ್ದರು. ದುರದೃಷ್ಟಕ್ಕೆ ಅವರು ಪ್ರಬಂಧವನ್ನು ಓದಿಯೂ ಬಂದಿದ್ದರು.

“ತೂಗಿದ ಹಿಟ್ಟಿಗೂ ತೂಗಿದ ತಾಟುಗಳಿಗೂ ಪ್ರತಿ ಮನೆಯಲ್ಲಿ ದಿನಕ್ಕೆ ಎರಡು ರೊಟ್ಟಿ ಫರಕು ಬರುತ್ತದಲ್ಲ ಅಮ್ಮ, ಅವು ಎಲ್ಲಿ ಹೋದವು?”

ನಾನು ತಿಂದೆ ಎಂಬ ಮಾತು ಶೇವಂತಾಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪ್ರೊಫೆಸರ್ ಬಾಯಿ ಮುಂದೆ ಬಾಗಿದರು.

“ಪೋಲು, ಸರ್. ಹಳ್ಳಿಯ ಹೆಂಗಸರಿಗೆ ಅಚ್ಚುಕಟ್ಟು ಗೊತ್ತಿಲ್ಲ. ಐದನೆಯ ಅಧ್ಯಾಯಕ್ಕೆ ಸೇರಿಸುತ್ತೇವೆ.”

ಮುದುಕರು ಅವರತ್ತ ತಿರುಗಲಿಲ್ಲ. “ಹೌದೇನಮ್ಮ?” ಎಂದು ಶೇವಂತಾಳನ್ನೇ ಕೇಳಿದರು.

ಸಾಬಮ್ಮನ ಮುಂದೆ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಆಳಂದದ ವರನೂ ನೆನಪಾದ.

“ಹೌದು ಸರ್, ಪೋಲು,” ಎಂದಳು ಶೇವಂತಾ. ಅವಳನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದರು.