ರೊಟ್ಟಿ ಬಣ್ಣದ ಗೋಡೆ

ನಾನು ಒಂದು ಕೋಲು. ಬಣ್ಣ ಕಲಸುವ ಕೋಲು. ಮೊಳದುದ್ದ, ಎರಡು ಬೆರಳಗಲ, ಒಂದು ತುದಿ ಚಪ್ಪಟೆ. ಗೋಡೆ ಚೆನ್ನಾಗಿ ಬಂದರೆ ಎಲ್ಲರೂ ಹೊಗಳುವುದು ಕುಂಚ ಹಿಡಿದ ಕೈಯನ್ನು. ನನ್ನನ್ನು ಕೇಳಿದವರಿಲ್ಲ. ಆದರೆ ಡಬ್ಬಿಯ ತಳದಲ್ಲಿ ಗಟ್ಟಿಯಾಗಿ ಕೂತ ಬಣ್ಣವನ್ನು ಎಬ್ಬಿಸಿ ಮೇಲೆ ತರುವವನು ನಾನು. ನಾನಿಲ್ಲದಿದ್ದರೆ ಕುಂಚಕ್ಕೆ ಸಿಗುವುದು ಬರೀ ತಿಳಿನೀರು. ಜಂಬ ಅಂದರೂ ಅನ್ನಿ, ಪರವಾಗಿಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬಡಗಿಯೊಬ್ಬನ ಕೈಯಲ್ಲಿ. ಒಂದು ಮನೆಯ ಬಾಗಿಲಿಗೆ ಸಾಗವಾನಿ ಚೌಕಟ್ಟು ಮಾಡಿ ಉಳಿದ ಪಟ್ಟಿ ನಾನು, ಒಲೆಗೆ ಹೋಗಬೇಕಾದವನು. ಅದೇ ಮನೆಗೆ ಬಣ್ಣ ಹಚ್ಚಲು ಬಂದಿದ್ದ ಪೇಂಟರ್ ರಾಜೇಸಾಬ ನೋಡಿಬಿಟ್ಟ. "ಅದನ್ನ ಒಲಿಗೆ ಹಾಕಬ್ಯಾಡೋ ಯಪ್ಪಾ, ನನಗ ಕೊಡು" ಎಂದ. ಬಡಗಿ ನನ್ನನ್ನು ಒಂದಿಷ್ಟು ಕೆತ್ತಿ, ಉಜ್ಜಿ ನುಣುಪು ಮಾಡಿ ಕೊಟ್ಟ. ಅವತ್ತೇ ನನ್ನನ್ನು ಗಿಳಿಹಸಿರಿನಲ್ಲಿ ಮುಳುಗಿಸಿದರು.

ರಾಜೇಸಾಬ ಒಳ್ಳೆಯ ಕೆಲಸಗಾರ, ಆದರೆ ಕಣ್ಣಿಗೆ ಹೊಡೆಯುವ ಬಣ್ಣವೆಂದರೆ ಅವನಿಗೆ ಪ್ರಾಣ. ಬಣ್ಣ ಹಚ್ಚಿದ್ದು ಓಣಿಗೆಲ್ಲ ಗೊತ್ತಾಗಬೇಕು ಅನ್ನುವವನು. ಹೀಗಾಗಿ ನನ್ನ ಹರೆಯವೆಲ್ಲ ಗಿಳಿಹಸಿರು, ನವಿಲುನೀಲಿ, ಕುಂಕುಮಗೆಂಪಿನಲ್ಲೇ ಕಳೆಯಿತು. ಒಂದು ಮನೆಯ ಪಡಸಾಲೆಯಲ್ಲಿ ಗೋಡೆಗೊಂದು ಬಣ್ಣ ಬಳಿದೆವು; ಆ ಮನೆಯ ಅಜ್ಜ ಆಮೇಲೆ ಹಗಲು ಹೊತ್ತಿನಲ್ಲೂ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದ. ಜಪ ಮಾಡುತ್ತಿದ್ದಾನೆಂದು ನಾವು ತಿಳಿದಿದ್ದೆವು. ನನಗಂತೂ ಆ ದಿನಗಳು ಬಲು ಖುಷಿ.

ಹೀಗಿರುವಾಗ ಊರ ಹೊರಗಿನ ಹೊಸ ಬಡಾವಣೆಯ ಒಂದು ಮನೆಗೆ ಹೋದೆವು. ಯಜಮಾನರು ನೀಲಕಂಠಪ್ಪ, ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಹೆಂಡತಿ ಕಸ್ತೂರಕ್ಕ. ಮದುವೆಯಾದಂದಿನಿಂದ ಆಕೆ ಬಾಳಿದ್ದು ಬರೀ ಕ್ವಾರ್ಟರ್ಸುಗಳಲ್ಲಿ. ಊರು ಬದಲಾದರೂ ಗೋಡೆ ಬದಲಾಗುತ್ತಿರಲಿಲ್ಲ: ಮೇಲೆ ಹಳದಿ, ಕೆಳಗೆ ಸೊಂಟದ ಎತ್ತರಕ್ಕೆ ಕಂದು ಪಟ್ಟಿ. ಈಗ ಸ್ವಂತ ಮನೆ. ಕಸ್ತೂರಕ್ಕನ ಆಸೆ ಒಂದೇ, ಇದರ ಗೋಡೆಗಳಿಗೆ ತಾನು ಬಣ್ಣ ಆರಿಸಬೇಕು. ಹಬ್ಬದ ಸೀರೆಯನ್ನೂ ಅತ್ತೆ ಆರಿಸಿದ್ದನ್ನೇ ಉಟ್ಟ ಜೀವ ಅದು. ಬಾಯಿ ಬಿಟ್ಟು ಆಸೆ ಹೇಳಿಕೊಳ್ಳುವ ರೂಢಿಯೇ ಇರಲಿಲ್ಲ. ಬೈಲಹೊಂಗಲದಲ್ಲಿ ತಂಗಿಯ ಮೊಮ್ಮಗುವಿನ ತೊಟ್ಟಿಲು ಕಾರ್ಯಕ್ಕೆ ಹೊರಟಾಗ, "ಬಣ್ಣದ ಮಾತು ನಾ ಬಂದ ಮ್ಯಾಲ ಆಡೂಣ್ರಿ" ಎಂದಷ್ಟೇ ಗಂಡನಿಗೆ ಹೇಳಿ ಹೋದಳು.

ಆಕೆ ಬಸ್ಸು ಹತ್ತಿದ್ದೇ ತಡ, ನೀಲಕಂಠಪ್ಪ ರಾಜೇಸಾಬನಿಗೆ ಬರಹೇಳಿದರು. ಕ್ವಾರ್ಟರ್ಸ್ ಬಿಡುವ ದಿನ ಹೆಂಡತಿ ಅಡುಗೆಮನೆಯ ಗೋಡೆಗೆ ಕೈಯಿಟ್ಟು ಅತ್ತದ್ದನ್ನು ಅವರು ನೋಡಿದ್ದರು. ಪಾಪ, ಆ ಗೋಡೆಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದರು. ಆಕೆ ತಿರುಗಿ ಬರುವಷ್ಟರಲ್ಲಿ ಹೊಸ ಮನೆಯ ಪಡಸಾಲೆ ಹಳೆಯ ಕ್ವಾರ್ಟರ್ಸಿನ ಹಾಗೇ ಕಾಣಬೇಕು, ಆಕೆ ಹಿಗ್ಗಬೇಕು. ರಾಜೇಸಾಬನಿಗೆ ಈ ಬಣ್ಣ ಸೇರಲಿಲ್ಲ, ಆದರೂ ಹಚ್ಚಿದ. ನಾನು ಎರಡು ದಿನ ಹಳದಿಯಲ್ಲೂ ಒಂದು ದಿನ ಕಂದಿನಲ್ಲೂ ಮಿಂದೆ. ಪಟ್ಟಿಯ ಅಂಚು ಬಾಗದಂತೆ ಗಾರ್ಡ್ ಸಾಹೇಬರೇ ದಾರ ಹಿಡಿದು ನಿಂತಿದ್ದರು.

ಕಸ್ತೂರಕ್ಕ ಬಂದಳು. ಹೊಸ್ತಿಲಲ್ಲಿ ಚೀಲ ಕೆಳಗಿಟ್ಟಳು. ನಾನು ಡಬ್ಬಿಯ ಮೇಲೆ ಅಡ್ಡ ಮಲಗಿದ್ದೆ, ಆಕೆಯ ಮುಖ ನನಗೆ ನೇರ ಕಾಣುತ್ತಿತ್ತು.

"ಹೆಂಗೈತಿ?" ನೀಲಕಂಠಪ್ಪನವರ ಮುಖ ಊರಗಲ ಆಗಿತ್ತು. "ಥೇಟ್ ನಮ್ಮ ಕ್ವಾರ್ಟರ್ಸ್! ಆವತ್ತು ನೀ ಗ್ವಾಡಿ ಹಿಡ್ಕೊಂಡು ಅತ್ತಿದ್ದೆಲ್ಲ, ಅದಕ್ಕಽ ಮಾಡಿಸೀನಿ."

ಕಸ್ತೂರಕ್ಕ ಗೋಡೆ ನೋಡಿದಳು, ಗಂಡನನ್ನು ನೋಡಿದಳು. "ಇರ್ಲಿ ಬಿಡ್ರಿ" ಎನ್ನುವ ಮಾತು ಆಕೆಯ ತುಟಿಯವರೆಗೆ ಬಂದಿತ್ತು. ಇಷ್ಟು ವರ್ಷ ಎಲ್ಲದಕ್ಕೂ ಆಡಿದ ಮಾತು ಅದು, ತಾನಾಗಿಯೇ ಬರುತ್ತದೆ. ಅದೊಂದು ಹೊರಬಿದ್ದಿದ್ದರೆ ಈ ಮನೆ ಸಾಯುವವರೆಗೂ ಕ್ವಾರ್ಟರ್ಸೇ.

"ನಾ ಗ್ವಾಡೀಗಿ ಅತ್ತಿಲ್ಲರೀ" ಎಂದಳು ಆಕೆ. "ಗ್ವಾಡಿ ಆ ಕಡೆ ನಿಂಗವ್ವ ರೊಟ್ಟಿ ಬಡಿಯೂ ಸಪ್ಪಳ ಕೇಳ್ತಿತ್ತಲ್ಲ, ಅದಕ್ಕ ಅತ್ತೆ. ಇನ್ನ ಆಕಿ ಸಿಗೂದಿಲ್ಲಂತ ಅತ್ತೆ. ಈ ಹಳದಿ ನೋಡಿ ನೋಡಿ ನನ್ನ ಕಣ್ಣಿಗೆ ಕಾಮಾಲಿ ಆದಂಗ ಆಗೇತಿ. ನನಗ ಇದು ಬ್ಯಾಡ."

"ಮತ್ತ ಮೊದಲಽ ಹೇಳಬಾರದ?"

"ನೀವು ಯಾವಾಗ ಕೇಳೀರಿ?"

ನೀಲಕಂಠಪ್ಪ ತಾವೇ ದಾರ ಹಿಡಿದ ಕಂದು ಪಟ್ಟಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. "ಅಂಚು ಮಾತ್ರ ಭಾಳ ನೀಟ ಬಂದಿತ್ತು ನೋಡು" ಎಂದರು ಸಣ್ಣ ದನಿಯಲ್ಲಿ. ಕಸ್ತೂರಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ಅವರೂ ನಕ್ಕರು, ರಾಜೇಸಾಬನೂ ನಕ್ಕ. "ಹೇಳ್ರಿ ಅಕ್ಕಾರ, ಯಾವ ಬಣ್ಣ ಹಚ್ಚೂಣು? ನೇರಳಿ ಹಚ್ಚಲೇನು?" ಎಂದು ಆಸೆಯಿಂದ ಕೇಳಿದ.

ಆಕೆ ಒಳಗೆ ಹೋಗಿ ತಾಟಿನಲ್ಲಿ ಜೋಳದ ಹಿಟ್ಟು ತಂದಿಟ್ಟಳು. "ಇದು."

"ಇದು ಬಣ್ಣಽ ಅಲ್ಲಲ್ರೀ ಅಕ್ಕಾರ! ನೋಡಿದವರು ಪೇಂಟರ್ ಬಂದಽ ಇಲ್ಲಂತಾರ."

"ಅನ್ನಲಿ. ಬಂದವರು ನನ್ನ ಮನಿ ನೋಡಲಿ, ನಿನ್ನ ಬಣ್ಣ ನೋಡೂದು ಬ್ಯಾಡ."

ಅಲ್ಲಿಂದ ಶುರುವಾಯಿತು ನನ್ನ ನಿಜವಾದ ದುಡಿಮೆ. ಗಿಳಿಹಸಿರು ಕಲಸುವುದು ಸುಲಭ. ಹೆಚ್ಚು ಕಡಿಮೆಯಾದರೆ ಯಾರಿಗೂ ತಿಳಿಯದು. ಜೋಳದ ಹಿಟ್ಟಿನ ಬಣ್ಣ ಹಾಗಲ್ಲ. ಬಿಳಿಗೆ ಹಳದಿ ಒಂದು ತೊಟ್ಟು ಜಾಸ್ತಿ ಬಿದ್ದರೆ ಬೆಣ್ಣೆಯಾಗುತ್ತಿತ್ತು, ಕಂದು ಜಾಸ್ತಿಯಾದರೆ ಚಹಾ. ಕಲಸಿದ್ದನ್ನೆಲ್ಲ ಕಸ್ತೂರಕ್ಕ ಗೋಡೆಯ ಮೇಲೆ ಅಂಗೈಯಗಲ ಹಚ್ಚಿಸಿ, ಬೆಳಗಿನ ಬಿಸಿಲಲ್ಲಿ ಒಮ್ಮೆ, ಸಂಜೆ ದೀಪ ಹಾಕಿ ಒಮ್ಮೆ ನೋಡುತ್ತಿದ್ದಳು. ಹಗಲು ಚೆಂದ ಕಂಡದ್ದು ದೀಪದಲ್ಲಿ ಮತ್ತೆ ಕ್ವಾರ್ಟರ್ಸಿನ ಹಳದಿಗೇ ತಿರುಗುತ್ತಿತ್ತು. ಆಗ ಕರಿಯ ಒಂದು ಹನಿ ಹಾಕಿ ಅದರ ಮದ ಇಳಿಸಿದೆವು. ಕೊನೆಗೊಂದು ಮಿಶ್ರಣ ಒಣಗಿದ ಮೇಲೆ ಆಕೆ ತಾಟನ್ನು ಅದರ ಪಕ್ಕ ಹಿಡಿದಳು. ಹಿಟ್ಟು ಯಾವುದು, ಗೋಡೆ ಯಾವುದು ತಿಳಿಯಲಿಲ್ಲ.

ಇದಕ್ಕೆ ಜೊತೆಯಾಗಿ ಊಟದ ಕಡೆಯ ಗೋಡೆ ಒಂದು ಪಟ್ಟು ಗಾಢವಾಗಿರಬೇಕು ಎಂದಳು. ಹಿಟ್ಟಿಗೆ ಹೊಂದುವುದು ರೊಟ್ಟಿಯೇ ತಾನೆ? ಬಿಸಿ ರೊಟ್ಟಿ ತಂದು ಕೊಟ್ಟು, ಇದಕ್ಕೆ ಹೊಂದಿಸು ಎಂದು ರಾಜೇಸಾಬನಿಗೆ ಹೇಳಿ ಒಳಗೆ ಹೋದಳು. ತಿರುಗಿ ಬಂದಾಗ ರೊಟ್ಟಿ ಇರಲಿಲ್ಲ.

"ಮಾದರೀನ ತಿಂದ್ಯಲ್ಲೋ! ಇನ್ನ ಬಣ್ಣ ಹೆಂಗ ಹೊಂದಿಸ್ತಿ?"

"ಘಮ್ಮಂತು ಅಕ್ಕಾರ, ಏನ ಮಾಡ್ಲಿ? ಇನ್ನೊಂದು ಕೊಡ್ರಿ."

ಇನ್ನೊಂದು ಬಂತು, ಅದು ಮೊದಲಿನದಕ್ಕಿಂತ ಹೆಚ್ಚು ಬೆಂದಿತ್ತು. ಮೂರನೆಯದು ಬೆಳ್ಳಗಾಯಿತು. ಒಂದು ರೊಟ್ಟಿಯ ಬಣ್ಣ ಇನ್ನೊಂದಕ್ಕಿಲ್ಲ ಎಂಬುದು ಇಷ್ಟು ವರ್ಷ ಬಡಿದರೂ ತನಗೆ ಗೊತ್ತಿರಲಿಲ್ಲವೆಂದು ಕಸ್ತೂರಕ್ಕ ಬೆರಗಾದಳು. ಗಾರ್ಡ್ ಸಾಹೇಬರು ಸೋತ ಮಾದರಿಗಳನ್ನೆಲ್ಲ ಶೇಂಗಾ ಚಟ್ನಿಯ ಜೊತೆ ವಿಲೇವಾರಿ ಮಾಡಿದರು. ಕೊನೆಗೊಂದು ರೊಟ್ಟಿಗೆ ಬಣ್ಣ ಹೊಂದಿ, ಊಟದ ಕಡೆಯ ಗೋಡೆಯೂ ಆಯಿತು. ಆ ವಾರ ನಮ್ಮಷ್ಟು ಸುಖವಾಗಿ ಹುಬ್ಬಳ್ಳಿಯಲ್ಲಿ ಯಾರೂ ಕೆಲಸ ಮಾಡಿರಲಾರರು.

ಚಾವಣಿಗೆ ಡಬ್ಬಿಯ ಬಿಳಿಯನ್ನೇ ಬಳಿದಾಗ ಅದು ಹಿಟ್ಟಿನ ಗೋಡೆಯ ಮೇಲೆ ನೀಲಿ ಹಾಕಿದ ಬಟ್ಟೆಯ ಹಾಗೆ ಕಂಡು ಎಲ್ಲರ ಮುಖ ಸಪ್ಪಗಾಯಿತು. ಗೋಡೆಯ ಬಣ್ಣವನ್ನೇ ಒಂದಿಷ್ಟು ಆ ಬಿಳಿಗೆ ಬೆರೆಸಲು ಕಸ್ತೂರಕ್ಕ ಹೇಳಿದಳು. ನಾನೇ ಕಲಸಿದೆ. ಮೇಲೆ ಕೆಳಗೆ ಎರಡೂ ಬೀಗರಂತೆ ಒಪ್ಪಿಕೊಂಡವು. ನೆಲದ ಶಹಾಬಾದಿ ಫರಸಿಕಲ್ಲಿನ ಬೂದುಬಣ್ಣ ಕೂಡ ಅವತ್ತು ಮೊದಲ ಬಾರಿ ಕಣ್ಣಿಗೆ ಬಿತ್ತು. ರಾಜೇಸಾಬ ಬಹಳ ಹೊತ್ತು ನೋಡಿ, "ಚಂದ ಐತ್ರಿ. ಯಾಕಂತ ಮಾತ್ರ ಕೇಳಬ್ಯಾಡ್ರಿ" ಎಂದ.

ಉಳಿದದ್ದು ಮುಂದಿನ ಸಣ್ಣ ಕೋಣೆ. "ಇದಕ್ಕ ನೀವಽ ಆರಸ್ರಿ" ಎಂದಳು ಗಂಡನಿಗೆ, ನನ್ನನ್ನು ಹಿಡಿದು ಡಬ್ಬಿ ಕಲಕುತ್ತಲೇ.

ನೀಲಕಂಠಪ್ಪ ಗಾಬರಿಯಾದರು. "ನನಗೇನು ತಿಳೀತೈತಿ? ಬಣ್ಣ ಯಾವುದು ಬೇಕಂತ ನನ್ನ ಯಾರು ಕೇಳ್ಯಾರ?"

ಕಸ್ತೂರಕ್ಕನ ಕೈ ಡಬ್ಬಿಯಲ್ಲೇ ನಿಂತಿತು. ಯಾರೂ ಬೇಕುಬೇಡ ಕೇಳದೆ ಬಾಳಿದವಳು ತಾನೊಬ್ಬಳೇ ಎಂದು ಆಕೆ ತಿಳಿದಿದ್ದಳು. "ನಾ ಕೇಳಾಕತ್ತೀನಲ್ರೀ, ಹೇಳ್ರಿ" ಎಂದಳು ಮೆತ್ತಗೆ.

ಅವರು ಕೋಣೆಯ ಗೋಡೆ ನೋಡಿದರು, ನೆಲ ನೋಡಿದರು. ಆಮೇಲೆ ನನ್ನನ್ನು ಹಿಡಿದು ಬಗ್ಗಿ ಕೂತಿದ್ದ ಹೆಂಡತಿಯನ್ನು ನೋಡಿದರು. ಆಕೆಯ ಕಿವಿಯ ಮೇಲಿನ ನರೆತ ಕೂದಲಿಗೆ ಬೆರಳು ತೋರಿಸಿ, "ಇಂಥಾ ಬಣ್ಣ" ಎಂದರು.

"ಏನಂದ್ರಿ?" ಕಸ್ತೂರಕ್ಕ ನನ್ನನ್ನೇ ಎತ್ತಿಕೊಂಡು ಎದ್ದಳು. ಗಾರ್ಡ್ ಸಾಹೇಬರು ಬಾಗಿಲ ಹಿಂದೆ ಓಡಿದರು. ನಗುವ ರಭಸಕ್ಕೆ ರಾಜೇಸಾಬ ಏಣಿಯಿಂದ ಬೀಳುವುದೊಂದು ಬಾಕಿ. ಆದರೆ ಅವರು ಬಾಗಿಲ ಸಂದಿಯಿಂದಲೇ, "ಚಾಷ್ಟಿ ಅಲ್ಲಽ, ಖರೇ ಹೇಳ್ತೀನಿ. ಅದಽ ಬೇಕು" ಎಂದರು. ಆಕೆಯ ಕೆನ್ನೆ ಕೆಂಪಾದದ್ದನ್ನು ನಾನು ಹತ್ತಿರದಿಂದ ಕಂಡೆ.

ಬೂದುಬಣ್ಣ ಕಲಸುವುದು ಎಲ್ಲಕ್ಕಿಂತ ಕಷ್ಟ. ಬರೀ ಕರಿ ಬಿಳಿ ಸೇರಿಸಿದರೆ ಪಕ್ಕದ ಹಿಟ್ಟಿನ ಬಣ್ಣದ ಎದುರು ಸಿಡುಕು ಮುಖ ಮಾಡುತ್ತದೆ. ಸ್ವಲ್ಪ ಕಂದು ಹಾಕಿ ಅದನ್ನು ಬೆಚ್ಚಗೆ ಮಾಡಬೇಕು. ಅಷ್ಟೆಲ್ಲ ಹೊಂದಿಸುವವರೆಗೆ ಕಸ್ತೂರಕ್ಕ ಕಿಟಕಿಯ ಬಳಿ ಸ್ಟೂಲಿನ ಮೇಲೆ ಮಾದರಿಯಾಗಿ ಕೂರಬೇಕಾಯಿತು. ಬಾಯಿತುಂಬ ಬಯ್ಯುತ್ತಿದ್ದಳು, ಆದರೆ ಎದ್ದು ಮಾತ್ರ ಹೋಗಲಿಲ್ಲ.

ಕೆಲಸ ಮುಗಿದಾಗ ರಾಜೇಸಾಬ ನನ್ನನ್ನು ಅಲ್ಲೇ ಬಿಟ್ಟು ಹೋದ. "ಇರ್ಲಿ ಅಕ್ಕಾರ, ಸಾಹೇಬ್ರು ಮತ್ತೇನರ ಅಂದ್ರ ಬೇಕಾಗ್ತೈತಿ" ಎಂದ. ಈಗ ನನಗೆ ವಯಸ್ಸಾಗಿದೆ. ತುದಿ ಬಿರುಕು ಬಿಟ್ಟಿದೆ, ಡಬ್ಬಿಗಿಳಿಯುವ ಶಕ್ತಿಯಿಲ್ಲ. ಆ ಸಣ್ಣ ಕೋಣೆಯ ಕಿಟಕಿ ಗಾಳಿಗೆ ಬಡಿದುಕೊಳ್ಳದಂತೆ ಒತ್ತು ಕೊಟ್ಟು ನಿಂತಿರುತ್ತೇನೆ. ಎಷ್ಟು ಮನೆಗಳಿಗೆ ಎಷ್ಟು ಬಣ್ಣ ಕಲಸಿದರೂ, ಇಬ್ಬರು ಒಬ್ಬರನ್ನೊಬ್ಬರು ಕೇಳಿ ಹಚ್ಚಿಸಿದ ಬಣ್ಣ ನಾನು ಕಂಡದ್ದು ಇಲ್ಲೊಂದೇ. ನನಗೆ ಇಷ್ಟು ಸಾಕು.

ಮೊನ್ನೆ ಕಸ್ತೂರಕ್ಕನ ತಂಗಿಯ ಅಳಿಯ ಬಂದಿದ್ದ, ಮನೆ ಕಟ್ಟಿಸುತ್ತಿದ್ದಾನಂತೆ. ಗೋಡೆ ಸವರಿ, "ಭಾಳ ಚಂದ ಐತ್ರಿ. ಇದರ ನಂಬರ್ ಹೇಳ್ರಿ, ನಾವೂ ಇದನ್ನಽ ತರಸ್ತೀವಿ" ಎಂದ.

ನೀಲಕಂಠಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು, ಒಳಗಿನವಳು ಕಿವಿಗೊಟ್ಟಿದ್ದಳು.

"ಅದು ಅಂಗಡ್ಯಾಗ ಸಿಗೂದಿಲ್ಲಪಾ" ಎಂದರು. "ಮೊದಲ ನಿನ್ನ ಹೆಂಡ್ತೀನ ಕೇಳು ಹೋಗು."