ಮೈಕಿನಲ್ಲಿ ತೊಳೆದ ಬೆನ್ನು

ಅಕ್ಕ ವೇದಿಕೆಯ ಪರದೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಬಿಚ್ಚಿಹೋದ ಅಂಚನ್ನು ಹೊಲಿಯುತ್ತಿದ್ದಾಗ, ಪರದೆಯ ಮುಂದೆ ಅವಳ ತಮ್ಮ ಮೈಕಿನಲ್ಲಿ ಅಮ್ಮನ ಬೆನ್ನು ತೊಳೆಯುತ್ತಿದ್ದ.

"ನೀರು ತುಂಬಾ ಬಿಸಿ ಇರಬಾರದು," ಅನ್ನುತ್ತಿದ್ದ. "ಮೊದಲು ನಮ್ಮ ಮೊಣಕೈ ಅದ್ದಿ ನೋಡಬೇಕು. ಹುಣ್ಣಿನ ಸುತ್ತ ಮೆಲ್ಲಗೆ ಒರೆಸಬೇಕು, ಉಜ್ಜಬಾರದು. ಬೆಳಿಗ್ಗೆ ಎದ್ದು ನಾನು ಮಾಡುವ ಮೊದಲ ಪ್ರಾರ್ಥನೆ ಇದು. ದೇವರು ಎಲ್ಲಿದ್ದಾನೆ ಅಂತ ಕೇಳುತ್ತೀರಲ್ಲ? ನನಗೆ ಅವನು ಆ ಬಕೆಟ್ಟಿನ ನೀರಿನಲ್ಲಿ ಸಿಕ್ಕಿದ."

ಸಭೆಯಲ್ಲಿ ಯಾರೋ ಮೂಗು ಸೀಟಿಕೊಂಡರು. ಅಕ್ಕನ ಸೂಜಿ ನಿಂತಿತು.

ಮೊಣಕೈ ಅದ್ದಿ ನೋಡುವುದು ಅವಳು ಹೇಳಿಕೊಟ್ಟದ್ದು. ಹೇಳಿಕೊಟ್ಟದ್ದು ಅಂದರೆ, ಅಪರೂಪಕ್ಕೊಮ್ಮೆ ಹಣ್ಣಿನ ಚೀಲ ಹಿಡಿದು ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುವ ತಮ್ಮ, "ಹೇಗಕ್ಕಾ ನಿಭಾಯಿಸ್ತೀಯ?" ಅಂತ ಕೇಳಿದಾಗ, ಕೇಳುವವರೊಬ್ಬರು ಸಿಕ್ಕರಲ್ಲ ಎಂಬ ಖುಷಿಯಲ್ಲಿ ಪೆದ್ದುಪೆದ್ದಾಗಿ ಎಲ್ಲ ಬಿಡಿಸಿ ಹೇಳಿದ್ದು. ಅವನು ತಲೆದೂಗಿ ಕೇಳಿದ್ದ. ಕಣ್ಣು ಒದ್ದೆ ಮಾಡಿಕೊಂಡಿದ್ದ. ಅಮ್ಮನ ಬಟ್ಟೆ ಬದಲಿಸುವ ಹೊತ್ತು ಬಂದ ತಕ್ಷಣ ಕೈಗಡಿಯಾರ ನೋಡಿಕೊಂಡು ಎದ್ದಿದ್ದ. ಚಿಕ್ಕಂದಿನಲ್ಲಿ ಮನೆಯವರು ಅವನನ್ನು ಜಾರುಬಂಡೆ ಅನ್ನುತ್ತಿದ್ದರು. ಕೆಲಸದ ಸುಳಿವು ಸಿಕ್ಕರೆ ಸಾಕು, ಆಸಾಮಿ ನಾಪತ್ತೆ. ಈಗ ಊರೇ ಅವನನ್ನು ಗುರುಗಳು ಅನ್ನುತ್ತದೆ. ನಂಬಿಕೆ, ಕರುಣೆ ಅಂತ ಅವನು ಬಾಯಿ ತೆರೆದರೆ ಕಲ್ಲೂ ಕರಗುತ್ತದಂತೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಈ ಮನೆಯಲ್ಲಿ ಕೆಸರು ಅಕ್ಕನ ಕೈಗೆ, ಮೊಸರು ತಮ್ಮನ ಬಾಯಿಗೆ.

ಅವಳು ಇಲ್ಲಿಗೆ ಬಂದದ್ದು ಅವನ ಮಾತು ಕೇಳುವುದಕ್ಕಲ್ಲ. ಅವಳು ಹೊಲಿದುಕೊಡುವ ಪರದೆ ಅಂಗಡಿಯ ಯಜಮಾನ ಫೋನ್ ಮಾಡಿ, ಸಭಾಂಗಣದ ಪರದೆಯ ಅಂಚು ನೆಲಕ್ಕೆ ಜೋತುಬಿದ್ದಿದೆ, ಯಾರಾದರೂ ಎಡವಿ ಬಿದ್ದಾರು, ಬೇಗ ಹೋಗು ಅಂದಿದ್ದ. ಪಕ್ಕದ ಮನೆಯಾಕೆಯನ್ನು ಅಮ್ಮನ ಹತ್ತಿರ ಕೂರಿಸಿ ಓಡಿಬಂದಿದ್ದಳು. ಹೊಲಿಗೆ ಮುಗಿಯುವ ಮೊದಲೇ ಭಾಷಣ ಶುರುವಾಗಿ, ಮಾತಾಡುವವರು ಯಾರೆಂದು ದನಿ ಕೇಳಿದ ಮೇಲೆಯೇ ಅವಳಿಗೆ ಗೊತ್ತಾಯಿತು.

"ಒಂದು ದಿನ," ತಮ್ಮ ದನಿ ತಗ್ಗಿಸಿದ. ಹಾಗೆ ತಗ್ಗಿಸಿದರೆ ಜನ ಮುಂದಕ್ಕೆ ಬಾಗುತ್ತಾರೆ ಅನ್ನುವುದು ಅವನಿಗೆ ಗೊತ್ತು. "ಬೆನ್ನು ಒರೆಸುತ್ತಿದ್ದೆ. ನನ್ನನ್ನು ಹೆತ್ತ ತಾಯಿ ಕಣ್ಣು ಮುಚ್ಚಿಕೊಂಡು ನನ್ನನ್ನು 'ಅಮ್ಮಾ' ಅಂತ ಕರೆದಳು. ನನ್ನನ್ನು! ಆವತ್ತು ನನಗೆ ಅರ್ಥವಾಯಿತು, ಕರುಣೆ ಅಂದರೆ ಏನು ಅಂತ."

ಚಪ್ಪಾಳೆ ಬಿತ್ತು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಬೇರೆ ಏನನ್ನು ಹೊತ್ತುಕೊಂಡು ಹೋಗಿದ್ದರೂ ಅವಳು ಸುಮ್ಮನಿರುತ್ತಿದ್ದಳು. ಬಕೆಟ್ಟು ಅವನದೇ ಆಗಲಿ, ಬಿಸಿನೀರೂ ಅವನದೇ ಆಗಲಿ. ಆದರೆ ಆ ಒಂದು ಮಾತು ಅವಳದು. ಲಕ್ವ ಹೊಡೆದು ಅರ್ಧ ಮೈ, ಮುಕ್ಕಾಲು ನೆನಪು ಕಳೆದುಕೊಂಡ ಅಮ್ಮ, ಗಟ್ಟಿಯಿದ್ದಾಗ ಮಗಳನ್ನು ಒಂದು ದಿನವೂ ಹೊಗಳಿದವಳಲ್ಲ. ಅವಳು ಹೊಲಿದದ್ದು ವಕ್ರ, ಅವಳು ಬೇಯಿಸಿದ್ದು ಸಪ್ಪೆ, ಮಗ ಮಾತ್ರ ಚಿನ್ನ. ಅಂಥ ಅಮ್ಮ ಒಂದು ಬೆಳಿಗ್ಗೆ ಒದ್ದೆ ಬಟ್ಟೆ ಬೆನ್ನಿಗೆ ತಾಗಿದಾಗ "ಅಮ್ಮಾ" ಅಂದಿದ್ದಳು. ಅದಕ್ಕೆ ಮುಂಚೆ ಅಕ್ಕ ದಿನಾ ದೇವರನ್ನು ಬೈಯುತ್ತಿದ್ದಳು: "ನೀನು ಇದ್ದರೆ ಬಂದು ಬಕೆಟ್ ಎತ್ತು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರು." ಆವತ್ತಿನಿಂದ ಬೈಗುಳ ಕಡಿಮೆಯಾಗಿತ್ತು. ಆ ಕರೆಯೊಂದೇ ಅವಳ ಸಂಬಳ, ಅವಳಿಗೆ ಉಳಿದಿದ್ದ ನಂಬಿಕೆಯೂ ಅದೇ. ಅದನ್ನು ತಮ್ಮ ಚಪ್ಪಾಳೆಗೆ ಮಾರಿಕೊಂಡಿದ್ದ.

ಹೇಗೋ ಅಂಚು ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಡಿದು ಎದ್ದಳು. ಅಷ್ಟರಲ್ಲಿ ಸಭೆ ಮುಗಿದು ಜನ ಅವನನ್ನು ಮುತ್ತಿಕೊಂಡಿದ್ದರು. ವಯಸ್ಸಾದ ಹೆಂಗಸೊಬ್ಬಳು ಅವನ ಎರಡೂ ಕೈ ಹಿಡಿದು, "ನಿಮ್ಮಂಥ ಮಗ ಎಲ್ಲರಿಗೂ ಸಿಗಬೇಕಪ್ಪ," ಅಂತ ಅಳುತ್ತಿದ್ದಳು. ಅಕ್ಕನನ್ನು ಕಂಡದ್ದೇ ತಮ್ಮನ ಮುಖ ಬಿಳಿಚಿಕೊಂಡಿತು.

"ಅಕ್ಕಾ! ನೀನು ಯಾವಾಗ ಬಂದೆ?"

"ನೀನು ಅಮ್ಮನ ಬೆನ್ನು ತೊಳೆಯೋವಾಗ."

ಬಾಯಿಗೆ ಬಂದ ಮಿಕ್ಕ ಮಾತನ್ನು ನುಂಗಿಕೊಂಡಳು. ದೊಡ್ಡ ಮನಸ್ಸಿನಿಂದ ಅಲ್ಲ. ಅಷ್ಟು ಜನರ ಮುಂದೆ ಮರ್ಯಾದೆ ತೆಗೆದರೆ ಅವನು ಕ್ಷಮೆ ಕೇಳಿ, ಕಣ್ಣೀರು ಹಾಕಿ, ಅದಕ್ಕೂ ಒಂದು ಚಪ್ಪಾಳೆ ಗಿಟ್ಟಿಸಿಯಾನು.

"ಅಮ್ಮನ ಮಗ್ಗುಲು ಬದಲಿಸೋ ಹೊತ್ತಾಯ್ತು. ನಡಿ."

"ಈಗಲೇನಾ? ಇವರೆಲ್ಲ ಕಾಯ್ತಾ ಇದಾರಲ್ಲಕ್ಕಾ..."

"ನಡಿಯೋ. ಪ್ರಾರ್ಥನೆ ಮಾಡುವೆಯಂತೆ."

ಕಾರಿನಲ್ಲಿ ಅವನು ಸಮಜಾಯಿಷಿ ಶುರುಮಾಡಿದ. "ಅದು ದೃಷ್ಟಾಂತ ಅಕ್ಕಾ. ನಾನು ಅಂದರೆ ನಾನೇ ಅಂತಲ್ಲ. ಜನಕ್ಕೆ ಮುಟ್ಟಬೇಕಲ್ಲ."

"ನಮ್ಮಕ್ಕ ಅಂದಿದ್ರೆ ಮುಟ್ಟುತ್ತಿರಲಿಲ್ವಾ? ನಾಲಿಗೆ ಸುಟ್ಟುಹೋಗ್ತಿತ್ತಾ?"

"ನಿನ್ನನ್ನ ಬೀದಿಗೆ ಎಳೀಬಾರದು ಅಂತ..."

"ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಗಾಳಕ್ಕೆ ಸಿಕ್ಕಿಸೋಕೆ ನಮ್ಮಮ್ಮನೇ ಬೇಕಾಗಿತ್ತಾ ನಿಂಗೆ?"

"ನನಗೂ ಅಮ್ಮನೇ ಕಣೇ."

"ಗೊತ್ತು. ಅದಕ್ಕೇ ಕರ್ಕೊಂಡು ಹೋಗ್ತಿರೋದು."

ಪಕ್ಕದ ಮನೆಯಾಕೆ ಬಾಗಿಲಲ್ಲೇ ಕಾಯುತ್ತಿದ್ದಳು. "ಒದ್ದೆ ಮಾಡ್ಕೊಂಡಿದಾರೆ. ಒಬ್ಬಳ ಕೈಲಿ ತಿರುಗಿಸೋಕೆ ಆಗಲಿಲ್ಲ ಕಣಕ್ಕಾ," ಎಂದು ಸಂಕೋಚದಿಂದ ಹೇಳಿ ಹೊರಟುಹೋದಳು. ಕೋಣೆಯ ವಾಸನೆ ಮೂಗಿಗೆ ಹೊಡೆಯಿತು. ತಮ್ಮ ಅಭ್ಯಾಸಬಲದಿಂದ ಬಾಗಿಲ ಹತ್ತಿರದ ಕುರ್ಚಿಯ ಕಡೆ ಸರಿದ.

"ಕೂತೆಯೋ ನೋಡು! ತೋಳು ಮಡಚು," ಅಕ್ಕ ಗದರಿದಳು. ಬಿಸಿನೀರಿನ ಬಕೆಟ್ ತಂದು ಅವನ ಮುಂದೆ ಕುಕ್ಕಿದಳು. ಅವನು ಬೆರಳ ತುದಿ ಅದ್ದಿದ.

"ಮೊಣಕೈ!" ಎಂದಳು. "ಈಗ ತಾನೇ ಅಷ್ಟು ಚೆನ್ನಾಗಿ ಹೇಳಿದೆಯಲ್ಲೋ?"

ಅವನು ಅಮ್ಮನ ತೋಳು ಹಿಡಿದು ಎಳೆದ. ಅಮ್ಮ ಕಿರುಚಿದಳು. "ಅದೇನು ಮೂಟೆನಾ?" ಎಂದಳು ಅಕ್ಕ. "ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ ಕೊಡು. ನಿನ್ನ ಕಡೆ ಉರುಳಿಸ್ಕೋ." ಅಂತೂ ಅಮ್ಮ ಮಗ್ಗುಲಾದಳು. ತೊಯ್ದ ಬಟ್ಟೆಯನ್ನು ಅಕ್ಕ ಸರ್ರನೆ ಎಳೆದುಹಾಕಿ, ಅವನನ್ನು ಬೆನ್ನಿನ ಕಡೆಗೆ ಕರೆದಳು. ಅವನು ಹುಣ್ಣನ್ನು ನೋಡಿದ್ದು ಆಗಲೇ, ಮೊದಲ ಸಲ. ಬಾಯಿಗೆ ಕೈ ಅಡ್ಡ ಹಿಡಿದು ಹಿಂದೆ ಸರಿದ.

"ಇಷ್ಟು ದೊಡ್ಡದಿದೆ ಅಂತ ನೀನು ಹೇಳಿರಲಿಲ್ಲ."

"ಹೇಳಿದ್ದೆ. ನೀನು ಗಡಿಯಾರ ನೋಡ್ತಿದ್ದೆ."

ಅವನು ಅಳತೊಡಗಿದ. ಇದು ವೇದಿಕೆಯ ಅಳುವಲ್ಲ. ಮುಖ ಸೊಟ್ಟಗಾಗಿತ್ತು, ಮೂಗು ಸೋರುತ್ತಿತ್ತು. ಅಕ್ಕನಿಗೆ ಒಳಗೊಳಗೇ ಸಂತೋಷವಾಯಿತು. ಹಾಳು ಸಂತೋಷ ಅಂತ ಗೊತ್ತಿದ್ದೂ ಬಿಡಲಿಲ್ಲ. "ಅಳೋದು ಆಮೇಲೆ. ಮೊದಲು ಒರೆಸು," ಅಂದಳು. ಅಮ್ಮ ಈ ಒರಟು ಕೈಯನ್ನು ಒದರಿಬಿಡಲಿ, ಬೈಯಲಿ, ಚೀರಲಿ, ಆಗ ಇವನಿಗೆ ಬುದ್ಧಿ ಬರುತ್ತದೆ ಎಂದು ಕಾದಳು.

ಅವನು ಬಟ್ಟೆ ಹಿಂಡಿ ಹುಣ್ಣಿನ ಸುತ್ತ ಮುಟ್ಟಿದ. ಹೆದರಿಕೆಯಿಂದಲೇ ಇರಬೇಕು, ಕೈ ತೀರಾ ಹಗುರವಾಗಿತ್ತು. ಅಮ್ಮನ ಬಿಗಿದ ಭುಜ ಸಡಿಲವಾಯಿತು. ಕಣ್ಣು ಮುಚ್ಚಿಕೊಂಡಳು.

"ಅಮ್ಮಾ," ಅಂದಳು.

ತಮ್ಮ ಅಕ್ಕನ ಮುಖ ನೋಡಿದ. ಗೆದ್ದವನ ನೋಟವಲ್ಲ, ಕದ್ದು ಸಿಕ್ಕಿಬಿದ್ದ ಹುಡುಗನ ನೋಟ. ಹಾಗಾದರೆ ಬಟ್ಟೆ ಬೆಚ್ಚಗಿದ್ದರೆ ಸಾಕಾಗಿತ್ತೇನೇ ಮುದುಕಿ? ಕೈ ಯಾರದಾದರೂ ನಡೆಯುತ್ತಿತ್ತಾ? ಅವನ ಸುಳ್ಳನ್ನು ಅವಳೇ ಕೈಹಿಡಿದು ಮನೆಗೆ ಕರೆತಂದು ನಿಜ ಮಾಡಿಸಿದಂತಾಗಿತ್ತು. ತಮ್ಮನ ಮೇಲಿದ್ದ ಕೋಪ ಅಮ್ಮನ ಮೇಲೆ ತಿರುಗಿತು. ಅಲ್ಲೂ ನಿಲ್ಲದೆ ದೇವರ ಮೇಲೆ ಹೋಯಿತು. ಅಮ್ಮನ ಭುಜ ಹಿಡಿದು ಅಲುಗಾಡಿಸಿ, "ನಾನು ಇಲ್ಲಿದೀನಿ, ಇಲ್ಲಿ!" ಎಂದು ಕೂಗಬೇಕೆನ್ನಿಸಿತು. ಅಮ್ಮನ ಮುಖ ನೋಡಿದಳು. ಲಕ್ವ ಹೊಡೆದ ಮೇಲೆ ಇಷ್ಟು ಸಲೀಸಾಗಿ ಉಸಿರಾಡಿದ್ದನ್ನು ಅವಳು ಹೆಚ್ಚು ಸಲ ಕಂಡಿರಲಿಲ್ಲ.

ತಮ್ಮನ ಕೈ ನಿಂತುಬಿಟ್ಟಿತ್ತು.

"ಯಾಕೋ ನಿಲ್ಲಿಸಿದೆ?" ಎಂದಳು ಸಿಟ್ಟಿನಿಂದಲೇ. "ನೀರು ಆರಿಹೋಗುತ್ತೆ. ಒರೆಸು."

ಅಮ್ಮ ನಿದ್ದೆಹೋದ ಮೇಲೆ ಇಬ್ಬರೂ ಹಿಂದಿನ ಬಚ್ಚಲಿಗೆ ಬಂದರು. ಅಕ್ಕ ಹಾಸಿಗೆಯ ಬಟ್ಟೆಯನ್ನು ಒಗೆದು ಜಾಲಿಸಿದಳು. ತಮ್ಮ ಗೋಡೆಗೆ ಒರಗಿ ನಿಂತಿದ್ದ. ಗಡಿಯಾರ ನೋಡಿಕೊಳ್ಳಲಿಲ್ಲ, ಒದ್ದೆಯಾದೀತೆಂದು ಬಿಚ್ಚಿಟ್ಟದ್ದು ಒಳಗೇ ಉಳಿದಿತ್ತು.

"ಇನ್ಮೇಲೆ ಅದನ್ನ ಎಲ್ಲೂ ಹೇಳಲ್ಲ ಅಕ್ಕಾ."

"ಹೇಳ್ತೀಯ. ನಿನ್ನ ಬಾಯಿ ನನಗೆ ಗೊತ್ತಿಲ್ವಾ? ಇವತ್ತಿಂದನ್ನೂ ಸೇರಿಸಿ ಹೇಳ್ತೀಯ." ಬಟ್ಟೆಯನ್ನು ನೀರಿನಿಂದ ಎತ್ತಿದಳು. "ಹೇಳ್ಕೋ, ಹೋಗು. ಆದರೆ ಬೆಳಿಗ್ಗೆ ಇಲ್ಲಿ ಬಂದು ಮಾಡಿ, ಆಮೇಲೆ ಹೋಗಿ ಹೇಳು."

ಅವಳು ಬಟ್ಟೆಯ ಒಂದು ತುದಿಯನ್ನು ಅವನ ಕೈಗೆ ತುರುಕಿ, ಇನ್ನೊಂದು ತುದಿ ಹಿಡಿದು ತಿರುವಿದಳು. ಅವನೂ ಅವಳು ತಿರುವಿದ ದಿಕ್ಕಿಗೇ ತಿರುವಿದ. ಬಟ್ಟೆ ಇಬ್ಬರ ನಡುವೆ ಸುಮ್ಮನೆ ಉರುಳಿತು, ಹನಿ ನೀರೂ ಇಳಿಯಲಿಲ್ಲ.

"ಆ ಕಡೆಗಲ್ಲವೋ!"

ಅವನು ಗಾಬರಿಯಾಗಿ ದಿಕ್ಕು ಬದಲಿಸಿದ. ಅದೇ ಹೊತ್ತಿಗೆ ರೇಗಿಹೋಗಿದ್ದ ಅವಳೂ ಬದಲಿಸಿದಳು. ಬಟ್ಟೆ ಮತ್ತೆ ಉರುಳಿತು. ಅವಳಿಗೆ ನಗು ಬರಲಿಲ್ಲ, ಅವನಿಗೂ ಬರಲಿಲ್ಲ.

"ನೀನು ಹಾಗೇ ಹಿಡ್ಕೊಂಡಿರು," ಎಂದಳು. "ನಾನು ತಿರುವ್ತೀನಿ."

ಅವನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಅವಳು ಸಿಟ್ಟಿದ್ದಷ್ಟೂ ಹಾಕಿ ತಿರುವಿದಳು. ನಡುವೆ ಹುರಿಗಟ್ಟಿದ ಬಟ್ಟೆಯಿಂದ ನೀರು ಧಾರೆಯಾಗಿ ಇಳಿದು, ನೆಲದ ಮೇಲೆ ಹರಡಿ, ಅವನ ಕಾಲ್ಚೀಲಗಳನ್ನು ತೋಯಿಸುತ್ತ ಹೋಯಿತು. ಅವನು ಕಾಲು ತೆಗೆಯದೆ ನಿಂತಿದ್ದ.